ಬಿಸಿನೀರಿನ ದಾರಿ

ನನ್ನ ಬಾಲ್ಯದ ಮನೆಯಲ್ಲಿ ಬಿಸಿನೀರಿಗೆ ದಾರಿಯೆಂಬುದೇ ಇರಲಿಲ್ಲ. ಬಚ್ಚಲು ಮನೆಯ ಮೂಲೆಯಲ್ಲಿ ಒಲೆ, ಒಲೆಯ ಮೇಲೆ ಗಾರೆ ಕಟ್ಟಿ ಕೂರಿಸಿದ ತಾಮ್ರದ ಹಂಡೆ, ಹಂಡೆಯಿಂದ ಎರಡು ಮೊಳ ದೂರದಲ್ಲಿ ಮಣೆಯ ಮೇಲೆ ಕುಳಿತ ನಾವು. ತಂಬಿಗೆಯನ್ನು ಮುಳುಗಿಸಿ ಎತ್ತಿದರೆ ಮುಗಿಯಿತು. ಹಂಡೆಯ ನೀರು ತಲೆಗೆ ಬರಲು ಒಂದು ಕ್ಷಣಕ್ಕಿಂತ ಹೆಚ್ಚು ಹೊತ್ತು ಬೇಕಾಗುತ್ತಿರಲಿಲ್ಲ. ನರಕ ಚತುರ್ದಶಿಯ ಹಿಂದಿನ ಸಂಜೆ, ನೀರು ತುಂಬುವ ಹಬ್ಬದಂದು, ಆ ಹಂಡೆಯನ್ನು ಹುಣಿಸೆಹಣ್ಣಿನಿಂದ ಬೆಳಗಿ, ಸುಣ್ಣ ಕೆಮ್ಮಣ್ಣಿನ ಪಟ್ಟೆ ಬಳಿದು, ಹೂವೇರಿಸಿ ಪೂಜೆ ಮಾಡುತ್ತಿದ್ದರು. ಹೊಗೆಗೆ ಕಣ್ಣುರಿಯುತ್ತಿದ್ದುದು ನಿಜ, ಸೌದೆ ಒಡೆಯುವವರ ಬೆನ್ನು ಬಾಗುತ್ತಿದ್ದುದೂ ನಿಜ. ಆದರೆ ನೀರು ಕಾಯುವ ಜಾಗ, ನೀರು ಬೇಕಾದವರು ಕೂರುವ ಜಾಗ ಎರಡೂ ಒಂದೇ ಕೋಣೆಯಲ್ಲಿದ್ದುವೆಂಬ ಒಂದು ಗುಣ ಆ ಏರ್ಪಾಡಿಗಿತ್ತು. ಅದೊಂದು ಗುಣವೆಂದು ನನಗೆ ತಿಳಿದದ್ದು ಅದನ್ನು ಕಳೆದುಕೊಂಡು ಬಹಳ ವರ್ಷಗಳಾದ ಮೇಲೆ.

ಪೇಟೆಗೆ ಬಂದಾಗ ಹಂಡೆಯ ಜಾಗಕ್ಕೆ ತಾಮ್ರದ ಬಾಯ್ಲರ್ ಬಂತು. ನಡುವೆ ಹೊಗೆಯ ಕೊಳವೆ, ಕೆಳಗೆ ಇದ್ದಿಲಿನ ಜಾಲರಿ, ಪಕ್ಕಕ್ಕೊಂದು ಹಿತ್ತಾಳೆಯ ನಲ್ಲಿ. ಆಗಲೂ ಬಕೆಟ್ಟು ನಲ್ಲಿಯ ಕೆಳಗೇ ಇರುತ್ತಿತ್ತು. ಅನಂತರ ವಿದ್ಯುತ್ತಿನ ಗೀಸರ್ ಗೋಡೆಯನ್ನೇರಿತು. ಕೊನೆಗೆ ಸೂರ್ಯನ ಶಾಖದಿಂದ ನೀರು ಕಾಯಿಸುವ ತೊಟ್ಟಿ ತಾರಸಿಯನ್ನೇ ಏರಿತು. ಕಾಯಿಸುವ ಸ್ಥಳ ಒಂದು ಕಡೆ, ಮೀಯುವ ಸ್ಥಳ ಇನ್ನೊಂದು ಕಡೆಯಾಯಿತು. ನಡುವಿನ ಅಂತರವನ್ನು ಕೊಳವೆ ತುಂಬಿತು. ಈ ಹೊತ್ತಿನ ನನ್ನ ಮಾತು ಆ ಕೊಳವೆಯನ್ನು ಕುರಿತದ್ದು. ಗೋಡೆಯೊಳಗೆ ಹೂತು ಹೋಗಿ ಯಾರ ಕಣ್ಣಿಗೂ ಬೀಳದ ವಸ್ತುವಾದ್ದರಿಂದ, ಮನೆ ಕಟ್ಟಿಸುವವರು ನೆಲದ ಕಲ್ಲಿಗೆ, ಕಿಟಕಿಯ ಬಣ್ಣಕ್ಕೆ ಕೊಡುವ ಯೋಚನೆಯ ಹತ್ತರಲ್ಲೊಂದು ಪಾಲನ್ನೂ ಅದಕ್ಕೆ ಕೊಡುವುದಿಲ್ಲ. ನಾನೂ ಕೊಡಲಿಲ್ಲ. ಕಾಲೇಜಿನಲ್ಲಿ ಉಷ್ಣಶಾಸ್ತ್ರವನ್ನು ಪಾಠ ಹೇಳುತ್ತಿದ್ದವನು ನಾನು ಎಂಬುದನ್ನು ಇಲ್ಲಿ ಸಂಕೋಚದಿಂದಲೇ ಹೇಳಬೇಕಾಗಿದೆ.

1999ರಲ್ಲಿ ಬೆಂಗಳೂರಿನಲ್ಲಿ ನಾವೊಂದು ಮನೆ ಕಟ್ಟಿಸಿದೆವು. ಎರಡು ಅಂತಸ್ತು. ಅಮ್ಮನಿಗೆ ಮೆಟ್ಟಿಲು ಹತ್ತುವುದು ಬೇಡವೆಂದು ಕೆಳಗೆ, ಮನೆಯ ಉತ್ತರದ ಕಡೆಯಲ್ಲಿ, ಅವರ ಕೋಣೆ; ಅದಕ್ಕೆ ಸೇರಿದಂತೆ ಬಚ್ಚಲು. ತಾರಸಿಯ ಮೇಲೆ ಸೌರ ತೊಟ್ಟಿಯನ್ನು ಕೂರಿಸಲು ಬಂದವರು, ಫಲಕ ದಕ್ಷಿಣಕ್ಕೆ ಮುಖ ಮಾಡಿರಬೇಕು ಎಂದು ಹೇಳಿ, ತಾರಸಿಯ ದಕ್ಷಿಣದ ಅಂಚಿನಲ್ಲಿಯೇ ಅದನ್ನು ಸ್ಥಾಪಿಸಿ ಹೋದರು. ನಾನು ತಲೆಯಾಡಿಸಿದೆ. ಅಲ್ಲಿಂದ ಹೊರಟ ಒಂದಂಗುಲದ ಕಬ್ಬಿಣದ ಕೊಳವೆ ತಾರಸಿಯ ಉದ್ದಕ್ಕೂ ನಡೆದು, ಹೊರಗೋಡೆಯನ್ನಿಳಿದು, ಅಡಿಗೆ ಮನೆಯ ಹಿಂದೆ ಸುತ್ತಿ ಅಮ್ಮನ ಬಚ್ಚಲನ್ನು ಸೇರುವ ಹೊತ್ತಿಗೆ 24 ಮೀಟರ್ ಆಗಿತ್ತು.

2001ರ ಜನವರಿಯ ಒಂದು ಬೆಳಗ್ಗೆ ನನ್ನ ತಂಗಿ ಊರಿನಿಂದ ಬಂದಿದ್ದಳು. ಅಮ್ಮ ಸ್ನಾನಕ್ಕೆ ಇಟ್ಟುಕೊಂಡಿದ್ದ ಬಕೆಟ್ಟಿಗೆ ಅವಳು ಯಾಕೋ ಕೈ ಹಾಕಿ ನೋಡಿದಳು. ನೀರು ಉಗುರು ಬೆಚ್ಚಗೂ ಇರಲಿಲ್ಲ. ವಿಚಾರಿಸಿದಾಗ ಗೊತ್ತಾದದ್ದಿಷ್ಟು: ನಲ್ಲಿ ತಿರುಗಿಸಿದರೆ ಮೊದಲ ಬಕೆಟ್ಟು ಪೂರ್ತಿಯಾಗಿ ತಣ್ಣೀರೇ ಬರುತ್ತಿತ್ತು. ಅದನ್ನು ಚೆಲ್ಲಿ ಎರಡನೆಯ ಬಕೆಟ್ಟನ್ನು ಹಿಡಿಯಲು ಅಮ್ಮನಿಗೆ ಮನಸ್ಸು ಬಾರದು. ಹರೆಯದಲ್ಲೆಲ್ಲ ಬಾವಿಯಿಂದ ಸೇದಿ ಹೊತ್ತ ಕೈ ಅದು. ಆದ್ದರಿಂದ ಆ ಮೊದಲ ಬಕೆಟ್ಟಿಗೇ ಎರಡು ತಂಬಿಗೆ ಬಿಸಿನೀರು ಬೆರೆಸಿಕೊಂಡು ಎರಡು ಚಳಿಗಾಲಗಳನ್ನು ಕಳೆದಿದ್ದರು. ನಮಗೆ ಹೇಳಿರಲಿಲ್ಲ. ತಾರಸಿಯ ಮೇಲೆ ಅಷ್ಟೆಲ್ಲ ಖರ್ಚು ಮಾಡಿ ಮಗ ಹಾಕಿಸಿದ ಯಂತ್ರವನ್ನು ಆಕ್ಷೇಪಿಸುವುದು ಹೇಗೆ ಎಂದುಕೊಂಡರೋ ಏನೋ.

ಅಂದು ನಾನು ಎಂದೋ ಮಾಡಬೇಕಾಗಿದ್ದ ಲೆಕ್ಕವನ್ನು ಮಾಡಿದೆ. ಕೇಳುತ್ತಿರುವವರ ಕೈಯಲ್ಲಿ ಪೆನ್ಸಿಲಿದ್ದರೆ ಬರೆದುಕೊಳ್ಳಬಹುದು. ಒಳವ್ಯಾಸ 15 ಮಿಲಿಮೀಟರ್ ಇರುವ ಕೊಳವೆಯ ಒಂದು ಮೀಟರಿನಲ್ಲಿ ಸುಮಾರು 0.18 ಲೀಟರು ನೀರು ನಿಲ್ಲುತ್ತದೆ. ವ್ಯಾಸ 20 ಆದರೆ 0.31 ಲೀಟರು, 25 ಆದರೆ 0.49, ಎಂದರೆ ಹೆಚ್ಚುಕಡಮೆ ಅರ್ಧ ಲೀಟರು. ವ್ಯಾಸ ಸ್ವಲ್ಪ ಹೆಚ್ಚಿದರೆ ಒಳಗೆ ನಿಲ್ಲುವ ನೀರು ಅದರ ವರ್ಗದಂತೆ ಹೆಚ್ಚುತ್ತದೆ. ನಮ್ಮ 24 ಮೀಟರ್ ಉದ್ದದ ಒಂದಂಗುಲದ ಕೊಳವೆಯಲ್ಲಿ 12 ಲೀಟರು. ರಾತ್ರಿಯೆಲ್ಲ ನಿಂತು ತಣಿದ ಆ 12 ಲೀಟರು ಹೊರಗೆ ಬಂದ ಹೊರತು ತೊಟ್ಟಿಯ ಬಿಸಿನೀರಿನ ಮೊದಲ ಹನಿ ನಲ್ಲಿಯನ್ನು ಮುಟ್ಟುವಂತಿಲ್ಲ.

ಅಷ್ಟೇ ಅಲ್ಲ. ಕೊಳವೆಯ ಕಬ್ಬಿಣವೂ ತಣಿದಿದೆ. ಹಾದುಹೋಗುವ ನೀರು ಮೊದಲು ಅದನ್ನು ಬಿಸಿ ಮಾಡಬೇಕು. ಒಂದಂಗುಲದ ಕಬ್ಬಿಣದ ಕೊಳವೆ ಮೀಟರಿಗೆ ಎರಡು ಕಿಲೋಗ್ರಾಮಿಗೂ ಹೆಚ್ಚು ತೂಗುತ್ತದೆ. ಕಬ್ಬಿಣದ ವಿಶಿಷ್ಟೋಷ್ಣ ನೀರಿನದರ ಒಂಬತ್ತರಲ್ಲೊಂದು ಭಾಗ ಮಾತ್ರವಾದರೂ, ಪ್ರತಿ ಮೀಟರೂ ಕಾಲು ಲೀಟರು ನೀರಿನಷ್ಟು ಶಾಖವನ್ನು ಹೀರಿಕೊಳ್ಳುತ್ತದೆಂದು ಲೆಕ್ಕ ಬರುತ್ತದೆ. ಇದರಿಂದ ಇನ್ನೊಂದು 6 ಲೀಟರು. ಒಟ್ಟು 18 ಲೀಟರು ಹರಿದು ಹೋದ ಮೇಲೆ ಸ್ನಾನಕ್ಕೆ ಯೋಗ್ಯವಾದ ನೀರು! ನಿಮಿಷಕ್ಕೆ 6 ಲೀಟರಿನಂತೆ ಬರುವ ನಲ್ಲಿಯಲ್ಲಿ ಮೂರು ನಿಮಿಷ. ಬೆಳಗ್ಗೆ ಒಮ್ಮೆ, ಸಂಜೆ ಒಮ್ಮೆ ಎಂದರೆ ವರ್ಷಕ್ಕೆ 13,000 ಲೀಟರು. ಈ ನೀರಾದರೂ ಎಲ್ಲಿಯದು? 1974ರಲ್ಲಿ ಮೊದಲ ಹಂತ ಮುಗಿದಂದಿನಿಂದ ಬೆಂಗಳೂರಿಗೆ ಕಾವೇರಿ ಬರುತ್ತಿರುವುದು ತೊರೆಕಾಡನಹಳ್ಳಿಯ ಕಡೆಯಿಂದ, ಸುಮಾರು 100 ಕಿಲೋಮೀಟರ್ ದೂರ, ಸುಮಾರು 500 ಮೀಟರ್ ಎತ್ತರಕ್ಕೆ ವಿದ್ಯುತ್ತಿನಿಂದ ಎತ್ತಿಸಿಕೊಂಡು. ಅಷ್ಟು ದೂರ ಬಂದ ನೀರು ನಮ್ಮ ಮನೆಯೊಳಗಿನ ಕೊನೆಯ 24 ಮೀಟರಿನಲ್ಲಿ ವ್ಯರ್ಥವಾಗುತ್ತಿತ್ತು. ವ್ಯರ್ಥವಾಗದಿದ್ದಾಗ ಎಪ್ಪತ್ತು ದಾಟಿದ ಹೆಂಗಸೊಬ್ಬಳ ಮೈಯನ್ನು ನಡುಗಿಸುತ್ತಿತ್ತು.

ನಷ್ಟಕ್ಕೆ ಇನ್ನೊಂದು ಮುಖವೂ ಇದೆ. ಸ್ನಾನ ಮುಗಿದು ನಲ್ಲಿ ನಿಲ್ಲಿಸಿದಾಗ ಅದೇ ಕೊಳವೆಯಲ್ಲಿ 12 ಲೀಟರು ಬಿಸಿನೀರು ಉಳಿಯುತ್ತದೆ. ಅದು ಯಾರ ಉಪಯೋಗಕ್ಕೂ ಬಾರದೆ ಗೋಡೆಯನ್ನು ಬಿಸಿ ಮಾಡಿ ತಣಿಯುತ್ತದೆ. 55 ಡಿಗ್ರಿಯಿಂದ 22 ಡಿಗ್ರಿಗೆ ಇಳಿಯುವುದರಲ್ಲಿ ಹೋಗುವ ಶಾಖ ವಿದ್ಯುತ್ತಿನ ಲೆಕ್ಕದಲ್ಲಿ ಸುಮಾರು ಅರ್ಧ ಯೂನಿಟ್ಟು. ಸೂರ್ಯ ಬಿಲ್ಲು ಕಳಿಸುವುದಿಲ್ಲವಾದ್ದರಿಂದ ನಮಗೆ ಗೊತ್ತಾಗಲಿಲ್ಲ. ಗೀಸರಿನವರಿಗೆ ಬಿಲ್ಲು ಬರುತ್ತದೆ; ಆದರೆ ಅದರಲ್ಲಿ ಗೋಡೆಯ ಪಾಲೆಷ್ಟೆಂದು ಬರೆದಿರುವುದಿಲ್ಲ.

ಇಂಥ ಸಂದರ್ಭದಲ್ಲಿ ಎಲ್ಲರೂ ಹೇಳುವ ಪರಿಹಾರ ಕೊಳವೆಗೆ ಹೊದಿಕೆ ಸುತ್ತಿಸುವುದು. ನಾನೂ ಸುತ್ತಿಸಿದೆ. ಕಪ್ಪು ನೊರೆರಬ್ಬರಿನ ತೋಳನ್ನು ತೊಡಿಸಿದ ಮೇಲೆ ಒಂಬತ್ತು ಗಂಟೆಗೆ ನಾನು ಸ್ನಾನ ಮಾಡಿದರೆ ಒಂಬತ್ತೂವರೆಗೆ ನನ್ನ ಹೆಂಡತಿಗೆ ಕೂಡಲೆ ಬಿಸಿನೀರು ಸಿಗತೊಡಗಿತು. ಬೆಳಗ್ಗೆ ಐದಕ್ಕೆ ಏಳುವ ಅಮ್ಮನಿಗೆ ಮಾತ್ರ ಏನೂ ಪ್ರಯೋಜನವಾಗಲಿಲ್ಲ. ಹೊದಿಕೆ ತಣಿಯುವುದನ್ನು ತಡಮಾಡುತ್ತದೆ, ತಡೆಯುವುದಿಲ್ಲ. ಬರಿಯ ಕೊಳವೆ ಅರ್ಧ ಗಂಟೆಯಲ್ಲಿ ತಣಿದರೆ ಹೊದ್ದ ಕೊಳವೆ ಒಂದು ಗಂಟೆಯಲ್ಲೋ ಒಂದೂವರೆ ಗಂಟೆಯಲ್ಲೋ ತಣಿಯುತ್ತದೆ. ಇಡೀ ರಾತ್ರಿಯ ಮುಂದೆ ಎರಡೂ ಒಂದೇ. ಉದ್ದವಾದ ದಾರಿಯ ತಪ್ಪನ್ನು ಕಂಬಳಿ ಹೊದಿಸಿ ತಿದ್ದಲಾಗುವುದಿಲ್ಲ. ದೊಡ್ಡ ಹೋಟೆಲುಗಳಲ್ಲಿ ಮಾಡುವಂತೆ ಹಿಂತಿರುಗುವ ಕೊಳವೆಯೊಂದನ್ನು ಹಾಕಿ ಪಂಪಿನಿಂದ ಬಿಸಿನೀರನ್ನು ಸದಾ ಸುತ್ತಿಸುತ್ತಿರಬಹುದು. ಆಗ ನಲ್ಲಿ ತಿರುಗಿಸಿದ ಕೂಡಲೆ ಬಿಸಿ, ನಿಜ. ಆದರೆ ಇಪ್ಪತ್ತನಾಲ್ಕು ಗಂಟೆಯೂ ಗೋಡೆಯನ್ನು ಕಾಯಿಸುತ್ತಿರುವ ವೈಭವ ಸಾಮಾನ್ಯ ಸಂಸಾರಕ್ಕೆ ಹೇಳಿದ್ದಲ್ಲ.

ಉಳಿದ ದಾರಿ ಒಂದೇ: ದಾರಿಯನ್ನೇ ಗಿಡ್ಡ ಮಾಡುವುದು. 2002ರಲ್ಲಿ ಎಲ್ಲವನ್ನೂ ಕೀಳಿಸಿ ಮತ್ತೆ ಹಾಕಿಸಿದೆವು. ಗೋಡೆ ಒಡೆಯುವ ಖರ್ಚು ಮೊದಲೇ ಯೋಚಿಸಿದ್ದರೆ ಆಗುತ್ತಿದ್ದ ಖರ್ಚಿನ ಎಷ್ಟೋ ಪಾಲು ಆಯಿತು.

ಮೊದಲನೆಯದಾಗಿ ತೊಟ್ಟಿಯ ಸ್ಥಾನ. ಫಲಕ ದಕ್ಷಿಣಕ್ಕೆ ಮುಖ ಮಾಡಬೇಕೆಂಬುದು ನಮ್ಮ ಉತ್ತರಾರ್ಧಗೋಳದಲ್ಲಿ ಸರಿಯಾದ ಮಾತೇ. ಬೆಂಗಳೂರು 13 ಡಿಗ್ರಿ ಉತ್ತರ ಅಕ್ಷಾಂಶದಲ್ಲಿರುವುದರಿಂದ, ಬಿಸಿನೀರು ಹೆಚ್ಚಾಗಿ ಬೇಕಾಗುವ ಚಳಿಗಾಲದಲ್ಲಿ ಮಧ್ಯಾಹ್ನದ ಸೂರ್ಯ ದಕ್ಷಿಣಕ್ಕೆ ಚೆನ್ನಾಗಿ ವಾಲಿರುತ್ತಾನೆ. ಆದರೆ ದಕ್ಷಿಣಕ್ಕೆ ಮುಖ ಮಾಡುವುದು ಬೇರೆ, ದಕ್ಷಿಣದ ಅಂಚಿನಲ್ಲಿ ನಿಲ್ಲುವುದು ಬೇರೆ! ತಾರಸಿಯ ಉತ್ತರದ ತುದಿಯಲ್ಲಿ ನಿಂತುಕೊಂಡೂ ದಕ್ಷಿಣವನ್ನು ನೋಡಬಹುದಲ್ಲವೆ? ಮುಂದೆ ಮೆಟ್ಟಿಲ ಕೋಣೆಯ ನೆರಳೋ ತೆಂಗಿನ ಮರದ ನೆರಳೋ ಬೀಳದಿದ್ದರಾಯಿತು. ಈ ಸರಳವಾದ ಭೇದ ಹೊಳೆಯದೆ ನಾನು ಎರಡು ವರ್ಷ 24 ಮೀಟರಿನ ಕೊಳವೆಯನ್ನು ಸಾಕಿದೆ. ತೊಟ್ಟಿಯನ್ನು ಅಮ್ಮನ ಬಚ್ಚಲಿನ ನೇರಕ್ಕೆ, ಉತ್ತರದ ತುದಿಗೆ ತಂದೆವು. ಮೇಲಿನ ಅಂತಸ್ತಿನ ಬಚ್ಚಲೂ ದೈವವಶಾತ್ ಅದೇ ಸಾಲಿನಲ್ಲಿತ್ತು. ಹೊಸದಾಗಿ ಕಟ್ಟಿಸುವವರು ಇದನ್ನು ದೈವಕ್ಕೆ ಬಿಡಬೇಕಾಗಿಲ್ಲ. ಬಚ್ಚಲಿನ ಮೇಲೆ ಬಚ್ಚಲು, ಪಕ್ಕದ ಗೋಡೆಗೆ ಅಡಿಗೆ ಮನೆ, ಅವೆಲ್ಲದರ ನೆತ್ತಿಗೆ ತೊಟ್ಟಿ ಎಂದು ನಕ್ಷೆಯಲ್ಲಿಯೇ ಕೂರಿಸಿದರೆ ಕೊಳವೆ ನೇರವಾಗಿ ಇಳಿಯುತ್ತದೆ. ಅಡಿಗೆ ಮನೆಯನ್ನು ಅಲಕ್ಷಿಸಬಾರದು: ಅಲ್ಲಿ ಒಂದೊಂದು ಸಲ ಬೇಕಾಗುವುದು ಒಂದೆರಡು ಲೀಟರು ಮಾತ್ರ, ಅದಕ್ಕಾಗಿ ದಿನಕ್ಕೆ ಹತ್ತು ಸಲ ಕೊಳವೆಯನ್ನು ಖಾಲಿ ಮಾಡುವಂತಿದ್ದರೆ ಬಿಸಿನೀರು ಪಾತ್ರೆಯನ್ನು ಕಾಣುವುದೇ ಇಲ್ಲ.

ಎರಡನೆಯದು ಕೊಳವೆಯ ಗಾತ್ರ. ಇಲ್ಲಿ ಮೇಸ್ತ್ರಿಗಳ ವಾಡಿಕೆಗೂ ಲೆಕ್ಕಕ್ಕೂ ವಿರೋಧವಿದೆ. ದೂರ ಹೋಗಬೇಕಾದ ಕೊಳವೆ ದಪ್ಪವಿರಲಿ ಎಂಬುದು ವಾಡಿಕೆ. ಆದ್ದರಿಂದ ಕೆಳ ಅಂತಸ್ತಿಗೆ ಒಂದಂಗುಲ, ಹತ್ತಿರದ ಮೇಲಂತಸ್ತಿಗೆ ಅರ್ಧ ಅಂಗುಲ. ಆದರೆ ತಾರಸಿಯ ತೊಟ್ಟಿಯಿಂದ ಬರುವ ನೀರನ್ನು ತಳ್ಳುವುದು ಅದರ ಎತ್ತರ ಮಾತ್ರ. ಮೇಲಂತಸ್ತಿನ ಶವರಿನ ಮೇಲೆ ಇರುವುದು ಎರಡೋ ಮೂರೋ ಮೀಟರಿನ ಒತ್ತಡ. ಅಲ್ಲಿ ಕೊಳವೆ ಕಿರಿದಾದರೆ ಶವರು ಹನಿಯುತ್ತದೆಯೇ ಹೊರತು ಸುರಿಯುವುದಿಲ್ಲ. ಕೆಳಗಿನ ನಲ್ಲಿಗೆ ಆರು ಮೀಟರಿಗೂ ಹೆಚ್ಚಿನ ಒತ್ತಡವಿರುತ್ತದೆ. 15 ಮಿಲಿಮೀಟರ್ ಒಳವ್ಯಾಸದ ಕೊಳವೆ 10 ಮೀಟರ್ ದೂರ ನಡೆದರೂ ನಿಮಿಷಕ್ಕೆ 8 ಲೀಟರು ಹರಿಯಲು ತೆಗೆದುಕೊಳ್ಳುವ ಒತ್ತಡ ಒಂದು ಮೀಟರಿಗಿಂತ ಕಡಮೆ. ಆದ್ದರಿಂದ ಹತ್ತಿರದ ಮೇಲಂತಸ್ತಿಗೆ ತುಸು ದಪ್ಪ, ದೂರದ ಕೆಳಗಿನದಕ್ಕೆ ಸಣ್ಣದು, ಎರಡಕ್ಕೂ ಪ್ರತ್ಯೇಕ ದಾರಿ: ವಾಡಿಕೆಗೆ ನೇರ ತಿರುಗುಮುರುಗು. ನಮ್ಮ ಪ್ಲಂಬರ್ ಇದನ್ನು ಕೇಳಿ ನನ್ನ ಮುಖವನ್ನು ಬಹಳ ಹೊತ್ತು ನೋಡಿದ. ಅಂಗಡಿಯಲ್ಲಿ ಅರ್ಧ ಅಂಗುಲವೆಂದು ಮಾರುವ ಎಲ್ಲ ಕೊಳವೆಗಳ ಒಳವ್ಯಾಸವೂ ಒಂದೇ ಅಲ್ಲವೆಂಬುದನ್ನು ಅವನೇ ನನಗೆ ಕಲಿಸಿದ. ಪ್ಲಾಸ್ಟಿಕ್ಕಿನದಕ್ಕೆ ಗೋಡೆ ದಪ್ಪ, ಒಳಗೆ ಕಿರಿದು. ಕೇಳಬೇಕಾದದ್ದು ಒಳವ್ಯಾಸವನ್ನು.

ಕೊಳವೆ ಯಾವುದರದ್ದಾಗಬೇಕು ಎಂಬುದರ ಬಗ್ಗೆ ಹೆಚ್ಚು ಹೇಳುವುದಿಲ್ಲ. ಬೋರ್‌ವೆಲ್ಲಿನ ಗಡಸು ನೀರು ಕಬ್ಬಿಣದ ಕೊಳವೆಯಲ್ಲಿ ಬಿಸಿಯಾಗಿ ಹರಿದರೆ ಒಳಗೆ ಸುಣ್ಣ ಕಟ್ಟುತ್ತದೆ, ತುಕ್ಕೂ ಸೇರಿಕೊಳ್ಳುತ್ತದೆ. ತಾಮ್ರ ಉತ್ತಮ, ದುಬಾರಿ. ಆದರೆ ತಾಮ್ರವನ್ನು ಹಾದು ಬಂದ ನೀರು ಸತುವು ಬಳಿದ ಕಬ್ಬಿಣದೊಳಕ್ಕೆ ಹರಿಯುವಂತೆ ಜೋಡಿಸಬಾರದು, ಕಬ್ಬಿಣ ಬೇಗ ಕೊರೆದು ಹೋಗುತ್ತದೆ. ಸಾಮಾನ್ಯವಾದ ಪಿ.ವಿ.ಸಿ. ಬಿಸಿನೀರಿಗೆ ಸಲ್ಲದು, ಮೆತ್ತಗಾಗುತ್ತದೆ. ಬಿಸಿನೀರಿಗೆಂದೇ ಮಾಡಿದ ಸಿ.ಪಿ.ವಿ.ಸಿ. ಆಗುತ್ತದೆ. ಆದರೆ ಅದು ಹಿಗ್ಗುತ್ತದೆ. 10 ಮೀಟರ್ ಉದ್ದದ ಕೊಳವೆ 40 ಡಿಗ್ರಿ ಬಿಸಿಯಾದಾಗ ಕಬ್ಬಿಣದ್ದಾದರೆ 5 ಮಿಲಿಮೀಟರ್, ತಾಮ್ರದ್ದಾದರೆ 6 ಅಥವಾ 7, ಸಿ.ಪಿ.ವಿ.ಸಿ.ಯದಾದರೆ 25 ಮಿಲಿಮೀಟರ್ ಉದ್ದವಾಗುತ್ತದೆ. ಅದನ್ನು ಎರಡು ತುದಿಯಲ್ಲೂ ಸಿಮೆಂಟಿನಿಂದ ಬಿಗಿದು ಹೂತರೆ ದಿನಕ್ಕೆರಡು ಸಲ ಹಿಗ್ಗಿ ಕುಗ್ಗಿ ಎಲ್ಲಾದರೊಂದು ಸೇರುವೆಯಲ್ಲಿ ಬಿಡುತ್ತದೆ. ನೇರ ಓಟದ ನಡುವೆ ಒಂದು ಬಾಗು, ಗೋಡೆಯನ್ನು ತೂರುವಲ್ಲಿ ಸುತ್ತ ಸ್ವಲ್ಪ ಬಿಡುವು, ಇಷ್ಟು ಕೊಡಬೇಕು.

ಮೂರನೆಯದು ಗಾಳಿ. ನೀರು ಕಾದಂತೆ ಅದರಲ್ಲಿ ಕರಗಿದ ಗಾಳಿ ಬಿಡುಗಡೆಯಾಗಿ, ಕೊಳವೆ ಒಂಟೆಯ ಬೆನ್ನಿನಂತೆ ಎಲ್ಲಿ ಏರಿ ಇಳಿಯುತ್ತದೆಯೋ ಅಲ್ಲಿ ಸೇರಿಕೊಳ್ಳುತ್ತದೆ. ತಾರಸಿಯ ಅಲ್ಪ ಒತ್ತಡಕ್ಕೆ ಅದನ್ನು ತಳ್ಳುವ ಶಕ್ತಿಯಿರುವುದಿಲ್ಲ. ನಲ್ಲಿ ಎರಡು ಸಲ ಕೆಮ್ಮಿ ಸುಮ್ಮನಾಗುತ್ತದೆ. ಬಾಗಿಲಿನ ಮೇಲೆ ಹತ್ತಿಸಿ ಆಚೆ ಇಳಿಸುವ ಚಮತ್ಕಾರವನ್ನು ಮಾಡಲು ಬಿಡದೆ, ತೊಟ್ಟಿಯಿಂದ ಹೊರಟ ಕೊಳವೆ ನಲ್ಲಿಯವರೆಗೂ ಇಳಿಯುತ್ತಲೇ ಇರುವಂತೆ ನೋಡಿಕೊಳ್ಳಬೇಕು. ಏರಲೇಬೇಕಾದ ಕಡೆ, ನೆತ್ತಿಯಲ್ಲಿ ಗಾಳಿ ಹೋಗಲು ಕಿಂಡಿಯಿರಬೇಕು. ಫಲಕಕ್ಕೂ ತೊಟ್ಟಿಗೂ ನಡುವಿನ ಕೊಳವೆಗೆ ಇದೇ ನಿಯಮದ ತಲೆಕೆಳಗು: ಕಾದ ನೀರು ಹಗುರಾಗಿ ತಾನೇ ಮೇಲೇರುವುದರಿಂದ ಅದು ಏರುತ್ತಲೇ ಇರಬೇಕು.

ಗೋಡೆಯಲ್ಲಿ ಹೂಳುವಾಗ ಬಿಸಿಯ ಕೊಳವೆ ತಣ್ಣೀರಿನದಕ್ಕೆ ತಾಗಿಕೊಂಡಿರಬಾರದು. ಒಂದು ಗೇಣಿನ ಅಂತರ ಒಳ್ಳೆಯದು. ತೊಲೆ ಕಂಬಗಳನ್ನು ಕೊರೆಯಲು ಯಾರಿಗೂ ಅಪ್ಪಣೆ ಕೊಡಬೇಡಿ. ಗಾರೆ ಬಳಿಯುವ ಮುಂಚೆ ಅಳತೆಯ ಕೋಲನ್ನು ಗೋಡೆಗೆ ಒರಗಿಸಿ ಪ್ರತಿಯೊಂದು ಗೋಡೆಯ ಚಿತ್ರವನ್ನೂ ತೆಗೆದಿಟ್ಟುಕೊಳ್ಳಿ. ಈಗ ಎಲ್ಲರ ಜೇಬಿನಲ್ಲೂ ಕ್ಯಾಮರಾ ಇದೆ. ನಾನು ಚಿತ್ರ ತೆಗೆಯದೆ, 2002ರ ಕೊಳವೆಗೆ 2004ರಲ್ಲಿ ಕನ್ನಡಿಯ ಮೊಳೆಯನ್ನು ನಾನೇ ಹೊಡೆದೆ.

ಇಷ್ಟೆಲ್ಲ ಮಾಡಿದರೂ ಹೊಸ ಏರ್ಪಾಡು ಮೊದಲ ವಾರದಲ್ಲಿಯೇ ಕೈಕೊಟ್ಟಿತು. ಸಂಜೆ ಕುದಿಯುವಂತಿದ್ದ ತೊಟ್ಟಿ ಬೆಳಗಾಗುವ ಹೊತ್ತಿಗೆ ತಣ್ಣಗೆ! ಕೂರಿಸಿದವರು ಮೋಡವನ್ನು ದೂರಿದರು. ಕೊನೆಗೆ ಸಿಕ್ಕ ಕಾರಣ ಹೀಗಿತ್ತು: ಮೇಲಿನ ಬಚ್ಚಲಿನಲ್ಲಿ ಬಿಸಿ ತಣ್ಣೀರುಗಳನ್ನು ಬೆರೆಸುವ ಮಿಕ್ಸರ್ ನಲ್ಲಿಯನ್ನು ಹಾಕಿದ್ದೆವು. ಅದರ ಬಿಸಿನೀರು ಸೌರ ತೊಟ್ಟಿಯಿಂದ, ತಣ್ಣೀರು ಮಾತ್ರ ಅದಕ್ಕಿಂತ ಎತ್ತರದಲ್ಲಿದ್ದ ಬೇರೊಂದು ತೊಟ್ಟಿಯಿಂದ. ಕೈಶವರಿನ ತುದಿಯನ್ನು ಮುಚ್ಚಿ ಮಿಕ್ಸರಿನ ಎರಡು ತಿರುಪುಗಳನ್ನೂ ತೆರೆದೇ ಬಿಟ್ಟಾಗ, ಹೆಚ್ಚು ಒತ್ತಡದ ತಣ್ಣೀರು ಬಿಸಿಯ ಕೊಳವೆಯೊಳಕ್ಕೆ ಹಿಮ್ಮುಖವಾಗಿ ಏರಿ ರಾತ್ರಿಯೆಲ್ಲ ತೊಟ್ಟಿಯನ್ನು ತಣಿಸುತ್ತಿತ್ತು. ಎರಡೂ ನೀರು ಒಂದೇ ಎತ್ತರದ ಮೂಲದಿಂದ ಬರುವಂತೆ ಮಾಡಿ, ಒಂದೇ ದಿಕ್ಕಿಗೆ ಬಿಡುವ ವಾಲ್ವನ್ನು ಸೇರಿಸಿದ ಮೇಲೆ ಸರಿಹೋಯಿತು.

ದಾರಿ ಗಿಡ್ಡವಿರಬೇಕೆಂದು ಇಷ್ಟು ಹೊತ್ತು ವಾದಿಸಿದವನು ಒಂದು ವಿನಾಯಿತಿಯನ್ನು ಗಟ್ಟಿಯಾಗಿ ಹೇಳಲೇಬೇಕು. ಗ್ಯಾಸಿನ ಗೀಸರನ್ನು, ಕೊಳವೆ ಉಳಿಯುತ್ತದೆಂದು, ಬಚ್ಚಲಿನ ಒಳಗೆ ಕೂರಿಸಬೇಡಿ. ಮುಚ್ಚಿದ ಸಣ್ಣ ಕೋಣೆಯಲ್ಲಿ ಉರಿ ಆಮ್ಲಜನಕವನ್ನು ತಿಂದುಹಾಕಿ ಕಾರ್ಬನ್ ಮಾನಾಕ್ಸೈಡ್ ಅನಿಲವನ್ನು ಬಿಡುತ್ತದೆ. ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ತಲೆ ಸುತ್ತಿತೆನ್ನುವಷ್ಟರಲ್ಲಿ ಚಿಲಕ ತೆಗೆಯುವ ಶಕ್ತಿ ಕೈಗಿರುವುದಿಲ್ಲ. ನಮ್ಮ ನಾಡಿನಲ್ಲಿಯೇ ಹೀಗೆ ಎಷ್ಟೋ ಜೀವಗಳು ಹೋಗಿವೆ. ಹೊರಗೋಡೆಯ ಆಚೆ, ಬಯಲಿನ ಗಾಳಿಯಲ್ಲಿ ಅದನ್ನಿಟ್ಟು ಗೋಡೆ ತೂರಿಸಿ ಕೊಳವೆಯನ್ನು ಒಳಗೆ ತನ್ನಿ. ಆ ಒಂದೆರಡು ಮೀಟರಿಗೆ ಜಿಪುಣತನ ಕೂಡದು.

ಹಾಗೆಯೇ, ಇಂದು ಬೇಡವಾದ ನಲ್ಲಿಗೆಂದು ಕೊಳವೆಯ ಮೋಟನ್ನು ಉದ್ದಕ್ಕೆ ಬಿಟ್ಟು ಮುಚ್ಚಳ ಹಾಕಿಡುವುದೂ ತಪ್ಪು. ನೀರು ಉಗುರು ಬೆಚ್ಚಗೆ ನಿಂತಲ್ಲಿ ಲೀಜನೆಲ್ಲ ಎಂಬ ರೋಗಾಣು ಬೆಳೆಯುತ್ತದೆ. 1976ರಲ್ಲಿ ಅಮೆರಿಕದ ಫಿಲಡೆಲ್ಫಿಯದ ಹೋಟೆಲೊಂದರಲ್ಲಿ ಸೇರಿದ್ದ ಮಾಜಿ ಸೈನಿಕರು ನ್ಯುಮೋನಿಯದಂಥ ಜ್ವರಕ್ಕೆ ತುತ್ತಾದ ಮೇಲೆ, 1977ರಲ್ಲಿ ಅದರ ಗುರುತು ಸಿಕ್ಕಿತು; ಅನಂತರ ಕಟ್ಟಡಗಳ ಬಿಸಿನೀರಿನ ಕೊಳವೆಗಳಲ್ಲಿಯೂ ಅದನ್ನು ಕಂಡರು. ತೊಟ್ಟಿಯಲ್ಲಿ 60 ಡಿಗ್ರಿ ಇದ್ದರೆ ಅದು ಬದುಕುವುದಿಲ್ಲ. ಆದರೆ ಅದೇ 60 ಡಿಗ್ರಿಯ ನೀರು ಐದು ಸೆಕೆಂಡಿನಲ್ಲಿ ಮೈ ಸುಡುತ್ತದೆ. ಮುದುಕರ, ಮಕ್ಕಳ ತೆಳು ಚರ್ಮಕ್ಕೆ ಅಷ್ಟೂ ಬೇಡ. ದಾರಿ ಗಿಡ್ಡವಾದ ಮನೆಯಲ್ಲಿ ನೀರು ತಣಿಯದೆ ಬರುವುದರಿಂದ ಈ ಎಚ್ಚರ ಹೆಚ್ಚು ಬೇಕು. ಅಮ್ಮನಿಗೆ ಮೊದಲು ತಣ್ಣೀರು ಹಿಡಿದು ಆಮೇಲೆ ಬಿಸಿಯನ್ನು ಬೆರೆಸಿಕೊಳ್ಳಲು ಹೇಳಿದ್ದೆವು. ಅವರು ನಕ್ಕರು. ಹಂಡೆಯ ಕಾಲದಿಂದ ಅವರು ಮಾಡುತ್ತಿದ್ದುದೂ ಅದೇ.

ಹೊಸ ದಾರಿಯ ಉದ್ದ 10 ಮೀಟರ್, ಒಳವ್ಯಾಸ 15 ಮಿಲಿಮೀಟರ್. ಅದರೊಳಗಿನ ನೀರು ಎರಡು ಲೀಟರಿಗೂ ಕಡಮೆ. ಮುಂಚೆ ಅಮ್ಮ ನಲ್ಲಿಯ ಕೆಳಗೆ ಇಡುತ್ತಿದ್ದದ್ದು ಬಕೆಟ್ಟು. ಅನಂತರ ಅವರು ಅಲ್ಲಿ ಒಂದು ದೊಡ್ಡ ತಂಬಿಗೆಯನ್ನು ಇಡತೊಡಗಿದರು. ಅದು ತುಂಬುವ ಹೊತ್ತಿಗೆ ನೀರಿನಿಂದ ಹಬೆಯೇಳುತ್ತಿತ್ತು. ತಂಬಿಗೆಯ ತಣ್ಣೀರನ್ನು ಬಚ್ಚಲ ಕಿಟಕಿಯಿಂದ ಕೈ ಚಾಚಿ ಹೊರಗಿನ ಮಲ್ಲಿಗೆ ಬಳ್ಳಿಯ ಬುಡಕ್ಕೆ ಹೊಯ್ದು, ಆಮೇಲೆ ಚಿಲಕ ಹಾಕಿಕೊಳ್ಳುತ್ತಿದ್ದರು.